ಫುವಾತಿನೊ ಬಾಯಿ ಮುಚ್ಚಿಕೊಂಡ ಕಾಲ

ಫುವಾತಿನೊ ಬಸ್ ಹತ್ತಿದಳೆಂದರೆ ಡ್ರೈವರ್ ಹಾಡು ನಿಲ್ಲಿಸಿಬಿಡುತ್ತಿದ್ದ. ಹಾಡಿಗೂ ಅವಳಿಗೂ ಪೈಪೋಟಿ ಬಿದ್ದರೆ ಗೆಲ್ಲುವವಳು ಯಾರೆಂದು ಅವನಿಗೆ ಗೊತ್ತಿತ್ತು. ಸವಾಯಿ ದ್ವೀಪದ ಆ ಕಡೆಯ ಶಾಲೆಗಳಿಗೆಲ್ಲ ಅವಳೊಬ್ಬಳೇ ಮಾತಿನ ಟೀಚರ್. ತೊದಲುವ, ಉಗ್ಗುವ ಮಕ್ಕಳ ನಾಲಿಗೆ ತಿದ್ದುವುದು ಕೆಲಸ. ಆಕ್ಲೆಂಡಿನಲ್ಲಿ ಓದಿ ಬಂದಿದ್ದಳು. ಓದುವುದಕ್ಕೆ ಮೊದಲೇ ಬಾಯಿ ತನ್ನ ಕಸುಬು ಕಲಿತಿತ್ತು ಎಂದು ಗಂಡ ಹೇಳುತ್ತಿದ್ದ, ಅದೂ ಅವಳು ಉಸಿರೆಳೆದುಕೊಳ್ಳುವ ಸಂದಿನಲ್ಲಿ.

ಇಂಥವಳ ಕೈಗೆ ಮೊಯೆಲಾಂಗಿ ಸಿಕ್ಕಳು. ಏಳು ವರ್ಷದ ಹುಡುಗಿ, ಶಾಲೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹಾಜರಿ ಕೂಗಿದರೆ ಕಂಬದಂತೆ ನಿಲ್ಲುತ್ತಿದ್ದಳು. ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು: ಹಠಮಾರಿ, ಮೂಗಿ, ಮೀನಿನ ಮುಳ್ಳು ಸಿಕ್ಕಿಕೊಂಡಿದೆ, ದೆವ್ವ ಮೆಟ್ಟಿಕೊಂಡಿದೆ.

“ಮೂಗಿಯಂತೆ! ಇದನ್ನ ಕೇಳು ಮಗಾ,” ಎಂದು ಹುಡುಗಿಯ ಅಜ್ಜಿ ಎತೆವಿಸೆ ತನ್ನ ಫೋನನ್ನು ಫುವಾತಿನೊಳ ಕಿವಿಗೆ ಹಿಡಿದಳು. ಫೋನಿನೊಳಗೆ ಮೊಯೆಲಾಂಗಿ ಹಂದಿಯೊಂದಕ್ಕೆ ಮಂಗಳಾರತಿ ಮಾಡುತ್ತಿದ್ದಳು. “ಏ ಹೊಟ್ಟೆಬಾಕ, ಇದೇನು ನಿಮ್ಮಪ್ಪನ ಮನೆ ಗಂಟಾ? ಆ ಚಿಕ್ಕದಕ್ಕೂ ಬಿಡೋ.”

ಫುವಾತಿನೊಗೆ ಖುಷಿಯಾಯಿತು. ಕಿವಿ ಸರಿ, ನಾಲಿಗೆ ಸರಿ, ಬೈಗುಳವಂತೂ ವಯಸ್ಸಿಗೆ ಮೀರಿದ್ದು. ಮನೆಯಲ್ಲಿ ಹೇಗೆ, ಶಾಲೆಯಲ್ಲಿ ಹೇಗೆ, ಯಾರ ಮುಂದೆ ದನಿ ನಿಲ್ಲುತ್ತದೆ ಎಂದು ಎಲ್ಲ ವಿಚಾರಿಸಿಕೊಂಡಳು.

“ಇದು ಹಠ ಅಲ್ಲಮ್ಮಾ, ಹೆದರಿಕೆ. ಹೊರಗಿನವರ ಮುಂದೆ ಗಂಟಲು ತಾನಾಗೇ ಬಿಗಿದುಕೊಳ್ಳುತ್ತೆ. ಅವಳಿಗೂ ಮಾತಾಡೋ ಆಸೆ ಇದೆ, ಆಗಲ್ಲ ಅಷ್ಟೆ.”

“ಬಿಳಿ ಭಾನುವಾರದೊಳಗೆ ಸರಿಹೋಗ್ತಾಳಾ?”

ತೊಡಕಿದ್ದದ್ದೇ ಅಲ್ಲಿ. ಅಕ್ಟೋಬರಿನ ಆ ಭಾನುವಾರ ಊರ ಮಕ್ಕಳೆಲ್ಲ ಬಿಳಿ ಬಟ್ಟೆ ಉಟ್ಟು, ಚರ್ಚಿನಲ್ಲಿ ಒಬ್ಬೊಬ್ಬರಾಗಿ ಎದ್ದು, ಬೈಬಲಿನ ವಚನ ಒಪ್ಪಿಸಬೇಕು. ಹಿಂದಿನ ವರ್ಷ ಮೊಯೆಲಾಂಗಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಚರ್ಚಿಗೆ ಚರ್ಚೇ ನಕ್ಕಿತ್ತು. ಆಮೇಲೆ ಚಿಕ್ಕಪ್ಪನ ಮಕ್ಕಳೊಡನೆಯೂ ಮಾತು ಬಿಟ್ಟಳು. ಉಳಿದದ್ದು ಅಜ್ಜಿ ಮತ್ತು ಹಂದಿಗಳು. ಇನ್ನೊಮ್ಮೆ ಹಾಗಾದರೆ ಉಳಿದ ದನಿಯೂ ಆರಿಹೋದೀತು ಎಂದು ಫುವಾತಿನೊ ಹೆದರಿದಳು. ಎತೆವಿಸೆ ಹೆದರಿದ್ದು ಮರ್ಯಾದೆಗೆ.

“ಈ ಸಲ ಅವಳನ್ನ ನಿಲ್ಲಿಸಬೇಡಿ.”

“ನಿಲ್ಲಿಸದೇ ಇದ್ರೆ ಊರೋರು ಏನಂತಾರೆ?”

“ನನ್ನ ಬಗ್ಗೆ ಅಂದಷ್ಟಂತೂ ಅನ್ನಲ್ಲ ಬಿಡಿ.”

ಎತೆವಿಸೆ ಹಂದಿಗೆ ಕಾಯಿ ಒಡೆಯಬೇಕೆಂದು ಎದ್ದು ಹೋದಳು.

ಚಿಕಿತ್ಸೆಯ ದಾರಿ ಸರಳವಾಗಿತ್ತು: ಮಗು ಎಲ್ಲಿ ಮಾತಾಡುತ್ತದೋ ಅಲ್ಲಿಗೆ ಹೊಸಬರು ಇಷ್ಟಿಷ್ಟೇ ಹತ್ತಿರವಾಗುತ್ತ ಬರಬೇಕು. ಮೊದಲು ಬಾಗಿಲು ಹಾಕಿಕೊಳ್ಳಿ ಎಂದಿತ್ತು ಅವಳು ಓದಿದ್ದ ಪುಸ್ತಕ. ಎತೆವಿಸೆಯ ಮನೆಯೆಂದರೆ ಸುತ್ತ ಕಂಬ, ಮೇಲೆ ಸೂರು. ಗೋಡೆಯೇ ಇಲ್ಲ, ಬಾಗಿಲು ಎಲ್ಲಿಂದ ಬರಬೇಕು? ಇಲ್ಲಿ ಸೀನಿದರೆ ಮೂರನೇ ಮನೆಯವರು ಆಶೀರ್ವಾದ ಮಾಡುತ್ತಾರೆ. ಕೊನೆಗೆ ಫುವಾತಿನೊ ಹಿತ್ತಲಿನ ಹಂದಿದೊಡ್ಡಿಯನ್ನೇ ಗೊತ್ತು ಮಾಡಿದಳು. ಅಜ್ಜಿ ಮೊಮ್ಮಗಳು ಹಂದಿಗೆ ತೆಂಗಿನ ಕಾಯಿ ಹಾಕುವ ಹೊತ್ತಿಗೆ ದೂರದಲ್ಲಿ ಬೆನ್ನು ತಿರುಗಿಸಿ ಕೂತು ಕೆಸುವಿನ ಗೆಡ್ಡೆ ಹೆರೆಯತೊಡಗಿದಳು. ಪ್ರಶ್ನೆ ಕೇಳುವಂತಿಲ್ಲ, ತಿರುಗಿ ನೋಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಮೈಯೆಲ್ಲ ತುರಿಕೆ ಎದ್ದಂತಾಗುತ್ತಿತ್ತು ಅವಳಿಗೆ.

ಫುವಾತಿನೊ ಮಾತಿಲ್ಲದೆ ಕೂತಿದ್ದಾಳೆ ಎಂಬ ಸುದ್ದಿ ಊರು ತುಂಬಿತು. ಇಂಥದ್ದನ್ನು ಯಾರೂ ಕಂಡು ಕೇಳಿರಲಿಲ್ಲ. ಹುಡುಗಿಯನ್ನು ಹಿಡಿದ ದೆವ್ವ ಟೀಚರಮ್ಮನಿಗೆ ದಾಟಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಒಬ್ಬಳು ಗಂಜಿ ತಂದಿಟ್ಟು ಕಣ್ಣೊರೆಸಿಕೊಂಡಳು. ಮಾರನೆಯ ದಿನ ಎಣ್ಣೆ ತಿಕ್ಕಿ ದೆವ್ವ ಬಿಡಿಸುವ ಪುಲೊತು ಮುದುಕಿ ಬುಡ್ಡಿ ಹಿಡಿದು ಬಂದೇ ಬಿಟ್ಟಳು.

“ಅಲುಗಾಡಬೇಡ ಕಣವ್ವಾ. ಗಂಟಲಲ್ಲೇ ಕೂತದೆ, ಇಳಿಸ್ತೀನಿ.”

ಆ ಗಳಿಗೆಯಲ್ಲೇ ಬೆನ್ನ ಹಿಂದೆ ಮೊಯೆಲಾಂಗಿ ಅಜ್ಜಿಯೊಡನೆ ಪಿಸುಗುಡಲು ಶುರು ಮಾಡಿದ್ದಳು. ಫುವಾತಿನೊ ಈಗ ಬಾಯಿ ತೆರೆದರೆ ಇಷ್ಟು ದಿನದ ತಪಸ್ಸು ನೀರಿಗೆ ಹೋದಂತೆ. ಹಲ್ಲು ಕಚ್ಚಿ ಕೂತಳು. ಪುಲೊತು ಕುತ್ತಿಗೆ ಹಿಂಡಿದಳು, ಕಿವಿ ಎಳೆದಳು, ಎಣ್ಣೆ ರವಿಕೆಯೊಳಗೆ ಹರಿಯಿತು.

“ಅಜ್ಜೀ,” ಎಂದಿತು ಹಿಂದಿನಿಂದ ಒಂದು ಸ್ಪಷ್ಟ ದನಿ, “ಟೀಚರಮ್ಮನ್ನ ಬಟ್ಟೆ ಥರ ಹಿಂಡ್ತಾವ್ಳೆ ನೋಡು.”

ಹೊರಗಿನ ಇಬ್ಬರು ಅಲ್ಲೇ ಇದ್ದಾಗ ಆಡಿದ ಮಾತು. ಫುವಾತಿನೊಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯದೆ ಗೆಡ್ಡೆ ಹೆರೆದಳು.

ಅಲ್ಲಿಂದ ಕೆಲಸ ಸಾಗಿತು. ಅವಳು ಮೊಳ ಮೊಳ ಹತ್ತಿರ ಬಂದಳು. “ಕೆಸುವಾ, ದೀವಿಹಲಸಾ?” ಎಂದು ಕೇಳಿ ಕಾಯುವುದು, ಉತ್ತರ ಬಂದರೆ ಏನೂ ಆಗದವಳಂತೆ ಕೊಡುವುದು. ದೊಡ್ಡಿಯಿಂದ ಮನೆಗೆ, ಮನೆಯಿಂದ ಶಾಲೆಯ ಹಿಂದಿನ ಮರದಡಿಗೆ ದನಿ ಬಂತು. ಚರ್ಚಿನ ಬಾಗಿಲಲ್ಲಿ ಮಾತ್ರ ಮತ್ತೆ ಕಲ್ಲಾಯಿತು.

ಫುವಾತಿನೊ ಪಾದ್ರಿ ಇಲಾಯುವನ್ನೂ ಕೂರಿಸಿ ಪಾಠ ಹೇಳಿದಳು. “ಪ್ರಶ್ನೆ ಕೇಳಿ, ಆಮೇಲೆ ಸುಮ್ಮನೆ ಕಾಯಿರಿ. ಮಾತಾಡಿದರೆ ಹೊಗಳಬೇಡಿ, ಎಲ್ಲರೂ ತಿರುಗಿ ನೋಡ್ತಾರೆ, ಅವಳು ಮುದುಡಿಕೊಳ್ತಾಳೆ.”

“ಕಾಯೋದು, ಹೊಗಳದೇ ಇರೋದು,” ಎಂದು ಪಾದ್ರಿ ನಿಟ್ಟುಸಿರಿಟ್ಟರು. “ನನ್ನ ಕಸುಬಿಗೇ ಕಲ್ಲು ಹಾಕ್ತಿದ್ದೀಯಲ್ಲಮ್ಮಾ.”

ಬಿಳಿ ಭಾನುವಾರ ಬಂತು. ಚರ್ಚಿನಲ್ಲಿ ಮೊಯೆಲಾಂಗಿಯ ಹೆಸರು ಕೂಗಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಫುವಾತಿನೊ ಅಜ್ಜಿಯ ಮುಖವನ್ನೇ ನೋಡಿದಳು. ಇಷ್ಟು ದಿನವೂ ಮುದುಕಿ ಬಾಯಿ ಬಿಟ್ಟು ಒಪ್ಪಿರಲಿಲ್ಲ.

ಎತೆವಿಸೆ ಎದ್ದು ನಿಂತಳು. “ನನ್ನ ಮೊಮ್ಮಗಳು ಈ ವರ್ಷ ಹೇಳಾಕಿಲ್ಲ. ಮುಂದಿನೋರು ಹೇಳ್ಲಿ.” ಕೂತಳು. ನಗಬೇಕೆಂದಿದ್ದವರು ಅವಳ ಕಣ್ಣು ನೋಡಿ ನಗು ನುಂಗಿದರು.

ಮಧ್ಯಾಹ್ನದ ಊಟ ಎತೆವಿಸೆಯ ಮನೆಯಲ್ಲಿ. ಅವತ್ತು ಮಕ್ಕಳದೇ ರಾಜ್ಯ. ಅವರು ಮೊದಲು ಉಣ್ಣಬೇಕು, ಹಿರಿಯರು ಬಡಿಸಬೇಕು. ಸುತ್ತಲೂ ಊರವರು. ಪಾದ್ರಿ ಇಲಾಯು ಎರಡು ತಟ್ಟೆ ಹಿಡಿದು ಸಾಲಿನಲ್ಲಿ ಬಂದು ಮೊಯೆಲಾಂಗಿಯ ಮುಂದೆ ಬಗ್ಗಿದರು.

“ಕೋಳೀನಾ, ಹಂದೀನಾ?”

ಕಾದರು. ಸೊಂಟ ಹಿಡಿದುಕೊಂಡಿತು, ಬೆವರಿಳಿಯಿತು, ಸಾಲಿನ ಮುಂದಿನ ಮಕ್ಕಳು ಗೊಣಗಿದರು. ಪಾದ್ರಿ ಕಾದೇ ಕಾದರು.

“ಕೋಳಿ.”

ಪಾದ್ರಿ ಕಣ್ಣು ಪಿಳಿಪಿಳಿ ಬಿಡುತ್ತ, ಹೊಗಳಿಕೆಯನ್ನು ಉಗುಳಿನೊಡನೆ ನುಂಗಿ, ಎದೆಯ ತುಂಡೊಂದನ್ನು ಎಲೆಗೆ ಹಾಕಿದರು.

“ಅದಲ್ಲ. ಕಾಲು.”

ಪಾದ್ರಿ ತಪ್ಪಾಯಿತೆಂಬಂತೆ ಕಾಲು ಹುಡುಕತೊಡಗಿದರು. ಕಂಬದ ಹತ್ತಿರ ಎತೆವಿಸೆ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಫುವಾತಿನೊ ಪಕ್ಕಕ್ಕೆ ಹೋಗಿ ಕೂತು, “ಅಮ್ಮಾ, ನಾನು ಹೇಳಿರಲಿಲ್ಲವಾ,” ಎಂದು ಶುರು ಮಾಡಿದಳು.

ಬೀಸಣಿಗೆಯ ಹಿಂದಿನಿಂದ ಮುದುಕಿ ಅವಳ ಮಂಡಿ ಅಮುಕಿದಳು.

“ಸುಮ್ಕಿರು. ಇನ್ನೂ ಏನೋ ಹೇಳ್ತಾವ್ಳೆ.”