ಲಿಸ್ಬನ್‌ನಲ್ಲಿ ನನ್ನ ಶುಕ್ರವಾರದ ಪೂಜೆ

ತಾಳಿ, ಈಗಲೇ ಎದ್ದು ಹೋಗಬೇಡಿ. ಲಿಸ್ಬನ್ ಅಂದರೆ ಹಳದಿ ಟ್ರಾಮ್, ಗುಡ್ಡದ ಮೇಲಿನ ಕೋಟೆ ಅಷ್ಟೇ ಅಲ್ವಾ ಅಂದುಕೊಳ್ಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎರಡೂ ಬರುತ್ತವೆ. ಆದರೆ ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಅದು ಗಲ್ಫ್‌ನಲ್ಲಿ ಬೆಳೆದವರು ಮಾತ್ರ ಮಾಡಬಲ್ಲ ತಪ್ಪು.

ನಾವು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ನಾನು ಹುಟ್ಟಿ ಬೆಳೆದದ್ದು ದೋಹಾದ ಅಲ್ ಸದ್ದ್‌ನ ಒಂದು ಫ್ಲ್ಯಾಟಿನಲ್ಲಿ, ಈಗ ಇರುವುದು ಅಲ್ ವುಕೈರ್‌ನಲ್ಲಿ. ಎಂಟು ವರ್ಷದವಳಿದ್ದಾಗ ನನಗೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದೆ. ಆಗ ಅಮ್ಮ ಒಂದು ಹರಕೆ ಹೊತ್ತರು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಹುಟ್ಟಿದ ಊರು ಲಿಸ್ಬನ್. ಮಗಳು ಬದುಕಿದರೆ ಅಲ್ಲಿನ ಅವರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರದ ದೊಡ್ಡ ಪೂಜೆಗೆ ಕೂತು, ನಮ್ಮೂರಿನ ಒಂದು ಮೇಣದಬತ್ತಿ ಹಚ್ಚುತ್ತಾಳೆ ಎಂದು.

"ಮಂಗಳೂರಲ್ಲೇ ಯಾವುದಾದ್ರೂ ಇಗರ್ಜಿಗೆ ಹೊರಬಹುದಿತ್ತಲ್ಲ ಅಮ್ಮ?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ಹೆದರಿಕೆ ದೊಡ್ಡದಿತ್ತು ಮಾರಾಯ್ತಿ, ಹರಕೆಯೂ ದೊಡ್ಡದೇ ಬಾಯಿಗೆ ಬಂತು."

ಅಂದಿನಿಂದ ನಾನು ಕೆಮ್ಮಿದರೂ, ಸ್ಕೂಟಿಯಿಂದ ಬಿದ್ದರೂ, ಇಂಟರ್‌ವ್ಯೂನಲ್ಲಿ ಫೇಲಾದರೂ ಅಮ್ಮನ ಬಾಯಲ್ಲಿ ಒಂದೇ ಮಾತು: "ಹರಕೆ ಬಾಕಿ ಉಂಟಲ್ಲ." ತಮಾಷೆ ಮಾಡುತ್ತಿದ್ದಾರೆ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಅಮ್ಮನ ಮಂಡಿ ಲಿಸ್ಬನ್‌ನ ಏರಿಗೆ ಆಗುವುದಲ್ಲ, ಅಪ್ಪನಿಗೆ ರಜೆ ಸಿಗಲಿಲ್ಲ. ಹಾಗಾಗಿ ಒಬ್ಬಳೇ ಹೊರಟೆ. ಆರು ತಿಂಗಳು ಆಫೀಸ್ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ವಿಡಿಯೋ ನೋಡಿ ನೋಡಿ ಪೋರ್ಚುಗೀಸ್ ಕಲಿತಿದ್ದೆ. ನಮ್ಮ ಚಾವಿ, ಮೇಜು, ಸಾಬೂನು ಎಲ್ಲ ಆ ಭಾಷೆಯಿಂದ ಬಂದದ್ದು ಎಂದು ಗೊತ್ತಾದ ದಿನ ಪಕ್ಕದ ಸೀಟಿನ ಫಿಲಿಪಿನೋ ಅಕ್ಕನಿಗೂ ಅದನ್ನು ವಿವರಿಸಿದೆ. ಪಾಪ, ಆಕೆ ಮರುದಿನದಿಂದ ಹಿಂದಿನ ಸೀಟಿಗೆ ಹೋದಳು.

ಹರಕೆಯ ಮೇಣದಬತ್ತಿಯನ್ನು ಅಮ್ಮ ಕಳೆದ ರಜೆಯಲ್ಲೇ ಮಂಗಳೂರಿನಿಂದ ತಂದಿಟ್ಟಿದ್ದರು. ನಾನು ಅದನ್ನು ಅಪ್ಪನ ಕಾರಿನಲ್ಲಿ ಒಂದು ಮಧ್ಯಾಹ್ನ ಮರೆತುಬಿಟ್ಟೆ. ದೋಹಾದ ಬಿಸಿಲಿಗೆ ಅದು ಬಾಳೆಹಣ್ಣಿನ ಹಾಗೆ ಬಾಗಿತು. ಬೇರೆ ಕೊಳ್ಳೋಣ ಅಂದರೆ ಅಮ್ಮ ಒಪ್ಪಲಿಲ್ಲ. "ಅದನ್ನೇ ತಗೊಂಡು ಹೋಗು. ನಾವು ಎಂಥ ಸೆಕೆಯಲ್ಲಿ ಬದುಕ್ತೇವೆ ಅಂತ ಸಂತರಿಗೂ ಗೊತ್ತಾಗ್ಲಿ."

ಮಂಗಳವಾರ ಇಳಿದೆ. ಹುಚ್ಚಿಯ ಹಾಗೆ ತಿರುಗಿದೆ. ದೋಹಾದಲ್ಲಿ ಏರು ಅಂದರೆ ಫ್ಲೈಓವರ್ ಮಾತ್ರ. ಇಲ್ಲಿ ಹಾಲು ತರಲು ಹೋಗುವವರೂ ಗುಡ್ಡ ಹತ್ತುತ್ತಾರೆ. ನೀಲಿ ಹೂವಿನ ಟೈಲ್ಸ್ ಬಚ್ಚಲಲ್ಲಿ ಅಲ್ಲ, ಮನೆಯ ಹೊರಗೋಡೆಗೆ. ಟ್ರಾಮ್ ಎಷ್ಟು ಇಕ್ಕಟ್ಟಿನ ಓಣಿಯಲ್ಲಿ ಹೋಗುತ್ತದೆ ಎಂದರೆ, ಒಂದು ಬಾಲ್ಕನಿಯಲ್ಲಿ ಒಣಗಿಸಿದ ಟವೆಲ್ ನನ್ನ ಮೂಗಿನ ಹತ್ತಿರವೇ ಹಾದುಹೋಯಿತು. ಕೋಟೆಯ ಗೋಡೆಯ ಮೇಲೆ ಕೂತು ನದಿ ನೋಡುತ್ತಾ ಅಮ್ಮನಿಗೆ ಐವತ್ತು ಫೋಟೋ ಕಳಿಸಿದೆ. "ನದಿ ಚೆಂದ ಉಂಟು. ಊಟ ಮಾಡಿದ್ಯಾ?" ಎಂದು ಉತ್ತರ ಬಂತು.

ಶುಕ್ರವಾರ ಬೆಳಗ್ಗೆ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಬಾಗಿದ ಮೇಣದಬತ್ತಿ ಚೀಲಕ್ಕೆ ಹಾಕಿ, ಮುಂದಿನ ಬೆಂಚು ಸಿಗಲಿ ಎಂದು ಬೇಗ ಇಗರ್ಜಿಗೆ ಹೋದೆ.

ಒಳಗೆ ಯಾರೂ ಇಲ್ಲ. ಒಬ್ಬ ಅಜ್ಜಿ ನೆಲ ಒರೆಸುತ್ತಿದ್ದರು. ನನ್ನ ಬಸ್ಸಿನ ಪೋರ್ಚುಗೀಸಿನಲ್ಲಿ, "ಅಜ್ಜಿ, ಇವತ್ತು ದೊಡ್ಡ ಪೂಜೆ ಎಷ್ಟು ಗಂಟೆಗೆ?" ಎಂದು ಕೇಳಿದೆ.

ಅಜ್ಜಿ ಒರೆಸುವ ಕೋಲಿನ ಮೇಲೆ ಕೈ ಊರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದೊಡ್ಡ ಪೂಜೆ ಭಾನುವಾರ ಮಗಳೇ. ಇವತ್ತು ಶುಕ್ರವಾರ."

ಆಗ ಹೊಳೆಯಿತು. ಕತಾರಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಗ್ಗೆ ಎಲ್ಲರೂ ಆಫೀಸಿನಲ್ಲಿರುತ್ತಾರೆ. ಅದಕ್ಕೇ ನಾವು ಭಾನುವಾರದ ಪೂಜೆಗೆ ಹೋಗುವುದು ಶುಕ್ರವಾರ. ಹುಟ್ಟಿದಾಗಿನಿಂದ ನನಗೆ ಗೊತ್ತಿರುವುದು ಅದೊಂದೇ. ಜಗತ್ತಿನ ಉಳಿದ ಕಡೆ ಭಾನುವಾರದ ಪೂಜೆ ಭಾನುವಾರವೇ ನಡೆಯುತ್ತದೆ ಎಂಬುದು ಟಿಕೆಟ್ ಮಾಡುವಾಗ ನೆನಪಿಗೇ ಬರಲಿಲ್ಲ. ನನ್ನ ವಿಮಾನ ಶನಿವಾರ ಮಧ್ಯಾಹ್ನ. ಭಾನುವಾರ ಏಳಕ್ಕೆ ಡ್ಯೂಟಿ. ಟಿಕೆಟ್ ಬದಲಿಸಲು ಆಗದ್ದು, ರಜೆಯೂ ಮುಗಿದಿತ್ತು.

ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅವರು ಆಗ ತಾನೇ ದೋಹಾದ ಇಗರ್ಜಿಯಿಂದ ಮನೆಗೆ ಬಂದಿದ್ದರು.

"ಅಮ್ಮ, ಇಲ್ಲಿ ಇವತ್ತು ದೊಡ್ಡ ಪೂಜೆ ಇಲ್ಲ. ಭಾನುವಾರವಂತೆ."

"ಎಂತ ಭಾನುವಾರ? ಶುಕ್ರವಾರ ಅಲ್ವಾ..." ಅಮ್ಮನಿಗೂ ಹೊಳೆಯಿತು. "ಅಯ್ಯೋ ದೇವರೇ! ಟಿಕೆಟ್ ನಾನೂ ನೋಡಿದ್ದೆ. ಶುಕ್ರವಾರ ಖಾಲಿ ಇಡು ಅಂತ ನಾನೇ ಹೇಳಿದ್ದು."

ಹಿಂದಿನಿಂದ ಅಪ್ಪನ ಸ್ವರ: "ತಾಯಿ ಮಗಳು ಇಬ್ರಿಗೂ ಕ್ಯಾಲೆಂಡರ್ ಕೊಡ್ಸಬೇಕು."

"ನೀವು ಸುಮ್ನಿರಿ. ನೀವೂ ನೋಡಿದ್ದೀರಿ ಟಿಕೆಟ್!"

ನನಗೆ ಅಳು ಬಂತು. ಇಷ್ಟು ವರ್ಷ ಅಮ್ಮ ಹೊತ್ತದ್ದನ್ನು ಇಳಿಸಲು ಬಂದವಳು, ಎರಡು ದಿನದ ಅಂತರದಲ್ಲಿ ಅದನ್ನು ಹಾಗೇ ವಾಪಸ್ ಒಯ್ಯಬೇಕು. "ಹರಕೆ ಭಾನುವಾರದ್ದಲ್ವಾ ಅಮ್ಮ, ಸಾರಿ" ಅಂದೆ.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದು ನನ್ನ ಹೆಗಲು ತಟ್ಟಿದರು. ಸಂಜೆ ಐದಕ್ಕೆ ಸಣ್ಣ ಪೂಜೆ ಉಂಟು, ಹಾಡಿಲ್ಲ, ನಾವು ಏಳೆಂಟು ಮುದುಕರು ಮಾತ್ರ ಎಂದರು. ಅದನ್ನು ಅಮ್ಮನಿಗೆ ಹೇಳಿದೆ.

"ಕೇಳು," ಅಮ್ಮ ನಿಧಾನವಾಗಿ ಅಂದರು. "ಆ ಹರಕೆ ಹೊರುವಾಗ ನಾನೆಲ್ಲಿದ್ದೆ? ದೋಹಾದಲ್ಲಿ. ಆವಾಗ ನಮ್ಮ ಭಾನುವಾರ ಯಾವಾಗ? ಶುಕ್ರವಾರ. ಇಷ್ಟು ವರ್ಷ ದೇವರು ನಮ್ಮ ಶುಕ್ರವಾರವನ್ನೇ ಭಾನುವಾರ ಅಂತ ತಗೊಂಡಿದ್ದಾರೆ. ಇವತ್ತೊಂದು ದಿನ ಬೇಡ ಅಂತಾರಾ? ಖಲಾಸ್. ಐದಕ್ಕೆ ಹೋಗಿ ಕೂತ್ಕೋ. ಮತ್ತೆ ಫೋನ್ ಆಫ್ ಮಾಡು, ಫೋಟೋ ತೆಗೀತಾ ಕೂರ್ಬೇಡ."

ಸಂಜೆ ಲೆಕ್ಕ ಹಾಕಿದರೆ ನಾವು ಒಂಬತ್ತು ಜನ. ಪಾದ್ರಿಗಳ ಪ್ರವಚನದಲ್ಲಿ ನನಗೆ ಅರ್ಥವಾದದ್ದು 'ರೊಟ್ಟಿ' ಮತ್ತು 'ತಾಯಿ' ಎರಡೇ ಪದ. ಅಜ್ಜಿ ಒದ್ದೆ ಏಪ್ರನ್ ಬಿಚ್ಚಿ, ತಲೆ ಬಾಚಿ ಬಂದು ನನ್ನ ಪಕ್ಕದಲ್ಲೇ ಕೂತರು. ಪೂಜೆ ಮುಗಿದ ಮೇಲೆ ನನ್ನ ಮೇಣದಬತ್ತಿ ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಬಿಸಿನೀರು ತರಿಸಿ, ಅದ್ದಿ, ಎರಡು ಅಂಗೈ ಮಧ್ಯೆ ಚಪಾತಿ ಲಟ್ಟಣಿಗೆಯ ಹಾಗೆ ಉರುಳಿಸಿದರು. ಪೂರ್ತಿ ನೆಟ್ಟಗಾಗಲಿಲ್ಲ. ಆದರೂ ಹತ್ತಿಕೊಂಡಿತು.

ಹೊರಗೆ ಬಂದು ಫೋನ್ ಆನ್ ಮಾಡಿದರೆ ಅಮ್ಮನ ವಾಯ್ಸ್ ಮೆಸೇಜ್: "ಆಯ್ತಾ? ಪೂಜೆಲಿ ನಿದ್ದೆ ಮಾಡ್ಲಿಲ್ಲ ಅಲ್ವಾ?"

ಭಾನುವಾರ ಏಳಕ್ಕೆ ನಾನು ಆಫೀಸಿನಲ್ಲಿದ್ದೆ, ಲಿಸ್ಬನ್‌ನ ಇಗರ್ಜಿಯಲ್ಲಿ ದೊಡ್ಡ ಪೂಜೆಗೆ ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ವಾರದ ನಂತರ ನನಗೆ ಜೋರು ನೆಗಡಿ. ಅಮ್ಮ ಕಾಳುಮೆಣಸಿನ ಕಷಾಯ ತಂದು ಟೇಬಲ್ ಮೇಲಿಟ್ಟರು. 'ಹರಕೆ ಬಾಕಿ' ಎನ್ನುವ ಹಳೆಯ ಮಾತಿಗೆ ನಾನು ಕಾದೆ. "ಎಸಿ ಕಮ್ಮಿ ಮಾಡಿ ಮಲಗು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದರು.

ನಿಮ್ಮ ಹೆಸರಿನಲ್ಲೂ ಮನೆಯವರು ಯಾರಾದರೂ ದೂರದ ಹರಕೆ ಹೊತ್ತದ್ದುಂಟಾ? ಗಲ್ಫಿನ ವಾರದ ಲೆಕ್ಕ ನಿಮಗೂ ಎಲ್ಲಾದರೂ ಕೈಕೊಟ್ಟಿದೆಯಾ? ಕೆಳಗೆ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ. ಇಂಥ ತಪ್ಪು ಮಾಡಿದವರು ನಾವಿಬ್ಬರೇ ಅಲ್ಲ ಎಂದು ಅವರಿಗೆ ಗೊತ್ತಾಗಬೇಕು.