ಟೈಗರ್ ಟ್ಯಾಂಕಿನ ದ್ವಾರಕಾನಾಥರು

ಅಮೆರಿಕದ ಮಿಲ್ಪಿಟಾಸಿನಲ್ಲಿ ಯಾರ ಮನೆಗೆ ಊಟಕ್ಕೆ ಬಂದರೂ, ಎಂಜಿನಿಯರ್ ದ್ವಾರಕಾನಾಥರು ಮೊಸರನ್ನದ ಹೊತ್ತಿಗೆ ಮಹಾಯುದ್ಧದ ಜರ್ಮನರ ಟೈಗರ್ ಟ್ಯಾಂಕಿಗೆ ಬಂದೇ ಬರುತ್ತಿದ್ದರು. “ನಲವತ್ತೈದು ಟನ್ನಿಗೆ ಅಂತ ಡಿಸೈನು ಶುರು ಮಾಡಿದ್ರು. ಇನ್ನೂ ದಪ್ಪ ಉಕ್ಕು, ಇನ್ನೂ ದೊಡ್ಡ ಗನ್ನು ಅಂತ ಸೇರಿಸ್ತಾ ಸೇರಿಸ್ತಾ ಐವತ್ತೇಳಾಯ್ತು. ರೈಲಿಗೆ ಹತ್ತಿಸೋಕೆ ಚಕ್ರದ ಅಗಲ ಪಟ್ಟಿ ಬಿಚ್ಚಿ ಸಣ್ಣದು ಹಾಕ್ಬೇಕಿತ್ತು! ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋನೇ ಎಂಜಿನಿಯರು,” ಎಂದು ತಟ್ಟೆಯ ಅನ್ನದಲ್ಲೇ ಬೆರಳಿನಿಂದ ಚಕ್ರ ಬರೆಯುತ್ತಿದ್ದರು. ಆಫೀಸಿನಲ್ಲಿ ಯಾರಾದರೂ ಒಂದು ಸ್ಕ್ರೂ ಹೆಚ್ಚು ಹಾಕಿದರೂ “ಟೈಗರು!” ಎನ್ನುತ್ತಿದ್ದರು. ಇಂಥವರು 1986ರ ಬೇಸಿಗೆಯಲ್ಲಿ, ಹುಟ್ಟಲಿರುವ ಮಗುವಿಗೆಂದು ಗ್ಯಾರೇಜಿನಲ್ಲಿ ತೊಟ್ಟಿಲು ಮಾಡಿದರು. ಮರದ ಕಾಲು ಸಾಲದೆನಿಸಿ ಉಕ್ಕಿನ ಪಟ್ಟಿ ಹಾಕಿದರು, ಅದೂ ಸಾಲದೆನಿಸಿ ಅಡ್ಡತೊಲೆ ಕೂರಿಸಿದರು. “ರೀ, ಇದು ಮಗು ಮಲಗೋಕೋ, ರಷ್ಯಾಕ್ಕೆ ನುಗ್ಗೋಕೋ?” ಎಂದು ತುಂಬು ಬಸುರಿ ವಸುಧಾ ನಕ್ಕರು. ಆಫೀಸಿನ ನಾವು ನಾಲ್ವರು ಹೊತ್ತು ತಂದ ಆ ತೊಟ್ಟಿಲು ಮಲಗುವ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. “ಪಟ್ಟಿ ಬಿಚ್ಚಿ ಸಾರ್, ಟೈಗರಿಗೆ ಬಿಚ್ಚಿದ ಹಾಗೆ,” ಎಂದ ನಮ್ಮಲ್ಲೊಬ್ಬ, ಊರಿಗೆ ಹೊಸಬನಾದ ಗುರುಪ್ರಸಾದ. ಹೋದ ವರ್ಷದ ಹೆರಿಗೆಯಲ್ಲಿ ಗಂಡ ಹೆಂಡತಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಮರಳಿದ್ದು ಅವನಿಗೆ ಗೊತ್ತಿರಲಿಲ್ಲ. ದ್ವಾರಕಾನಾಥರು ಗ್ಯಾರೇಜಿನಿಂದ ಗರಗಸ ತಂದು, ಬಾಗಿಲ ಚೌಕಟ್ಟನ್ನೇ ಕೊಯ್ಯತೊಡಗಿದರು.