ಮಸಿ ಬಿತ್ತು, ಮತ ಬೀಳಲಿಲ್ಲ

ನಾಲ್ಕು ಪುಟ ಸಾಕು ಎಂದರು. ಜಿಲ್ಲೆಯ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ, ಅದಕ್ಕೆ ಕುರುಗೋಡು ವಿಧಾನಸಭಾ ಕ್ಷೇತ್ರದ ಇತಿಹಾಸವನ್ನು ನಾನು ಬರೆದುಕೊಡಬೇಕಂತೆ. ಕೇಳಿದವರು ಸಂಚಿಕೆಯ ಸಂಪಾದಕರು, ನಿವೃತ್ತ ಪ್ರಾಂಶುಪಾಲರು. ನಾನು ಕುರುಗೋಡಿನಲ್ಲಿ ಹುಟ್ಟಿದವಳು, ಜೀವಮಾನವೆಲ್ಲ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಟೋಗಳ ಸದ್ದು ಕೇಳುತ್ತಾ ಕೂತವಳು. ನನ್ನಷ್ಟು ಪುರುಸೊತ್ತಿನವರು ಅವರಿಗೆ ಬೇರೆ ಸಿಗಲಿಲ್ಲವೆಂದು ಕಾಣುತ್ತದೆ.

“ಸತ್ತ ಕ್ಷೇತ್ರ ಅಲ್ಲೇನ್ರಿ ಮೇಡಂ, ಯಾರಿಗೂ ನೋವಾಗಂಗಿಲ್ಲ. ಯಾರು ಗೆದ್ರು, ಯಾರು ಸೋತ್ರು, ಅಷ್ಟು ಬರದ್ರ ಮುಗೀತು,” ಎಂದರು ಫೋನಿನಲ್ಲಿ.

ಸತ್ತ ಕ್ಷೇತ್ರ ಎಂಬ ಮಾತಿಗೇ ನನಗೆ ಮೈ ಉರಿಯಿತು. ಅದೇನು ಮುದಿಯಾಗಿ, ಹಾಸಿಗೆ ಹಿಡಿದು ಸತ್ತಿತೇ? ಕ್ಷೇತ್ರ ಮರುವಿಂಗಡಣೆ ಎಂದು ದೂರದಲ್ಲೆಲ್ಲೋ ನಕ್ಷೆ ಹರಡಿಕೊಂಡು ಗೆರೆ ಎಳೆದರು. ಮನೆ ಪಾಲಾಗುವಾಗ ಪಾತ್ರೆ ಹಂಚುವ ಹಾಗೆ ನಮ್ಮ ಹಳ್ಳಿಗಳನ್ನು ಹಂಚಿದರು. ಒಂದಿಷ್ಟು ಅತ್ತ, ಒಂದಿಷ್ಟು ಇತ್ತ, ನಮ್ಮೂರು ಕಂಪ್ಲಿಯ ಪಾಲಿಗೆ. ನಮ್ಮನ್ನು ಕೇಳಿದವರು ಯಾರೂ ಇಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಪೇಪರು ಓದಿ ನನಗೆ ಗೊತ್ತಾದದ್ದು. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು, “ಹೆಸರು ಹೋದ್ರ ಏನಾತ್ರಿ, ಊರು ಅಲ್ಲೇ ಐತೆಲ್ಲ,” ಎಂದು ಚಹಾ ಹೀರಿದರು. ಅವರ ಊರಿನ ಹೆಸರು ಹೋಗಿರಲಿಲ್ಲ, ಚಹಾ ರುಚಿಸಿತು.

ಊರು ಅಲ್ಲೇ ಇದೆ, ನಿಜ. ಗುಡ್ಡ ಅಲ್ಲೇ ಇದೆ, ದೊಡ್ಡ ಬಸವಣ್ಣ ಅಲ್ಲೇ ಕೂತಿದ್ದಾನೆ. ಆಮೇಲೆ ಸಮಾಧಾನಕ್ಕೆಂಬಂತೆ ಕುರುಗೋಡನ್ನು ತಾಲ್ಲೂಕು ಮಾಡಿದರು. ಬೋರ್ಡು ಬಂತು, ಕಚೇರಿ ಬಂತು, ಕಚೇರಿಯ ಮುಂದೆ ಜೆರಾಕ್ಸ್ ಅಂಗಡಿಗಳೂ ಬಂದವು. ಆದರೆ ವಿಧಾನಸಭೆಯಲ್ಲಿ ಕುರುಗೋಡು ಎಂದು ಕೂಗಿದರೆ ಎದ್ದು ನಿಲ್ಲುವವರು ಯಾರೂ ಇಲ್ಲ.

ಈ ಸಿಟ್ಟನ್ನೆಲ್ಲ ಹಾಕಿ ಮೂರು ಪುಟ ಸಲೀಸಾಗಿ ಬರೆದೆ. ಗೆದ್ದವರು, ಸೋತವರು, ಪಕ್ಷ ಬಿಟ್ಟವರು, ಬಿಟ್ಟ ಪಕ್ಷಕ್ಕೇ ವಾಪಸ್ ಹೋದವರು. ನಾಲ್ಕನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಕ್ಷೇತ್ರದ ಕೊನೆಯ ಚುನಾವಣೆಯಲ್ಲಿ ನಾನೂ ಒಂದು ಮತಗಟ್ಟೆಯಲ್ಲಿದ್ದೆ. ಅಲ್ಲಿ ನಡೆದದ್ದನ್ನು ಬರೆಯದೆ ಇತಿಹಾಸ ಎಂದು ಹೆಸರಿಟ್ಟರೆ ನಾಚಿಕೆಯಾಗಬೇಕು.

ಆಗ ನಾನು ಸಿರುಗುಪ್ಪ ತಾಲ್ಲೂಕಿನ ಶಾಲೆಯೊಂದರಲ್ಲಿದ್ದೆ. ಡ್ಯೂಟಿ ಪಕ್ಕದ ಕುರುಗೋಡು ಕ್ಷೇತ್ರಕ್ಕೆ ಬಿತ್ತು, ಕಾಲುವೆ ಪಕ್ಕದ ಒಂದು ಹಳ್ಳಿಗೆ. ನಾವು ನಾಲ್ಕು ಜನ. ನನ್ನ ಕೆಲಸ ಮತದಾರರ ಸಹಿಯನ್ನೋ ಹೆಬ್ಬೆಟ್ಟನ್ನೋ ಪುಸ್ತಕದಲ್ಲಿ ತೆಗೆದುಕೊಂಡು, ಎಡಗೈ ತೋರುಬೆರಳಿಗೆ ಮಸಿ ಹಚ್ಚುವುದು. ಡ್ಯೂಟಿಯವರು ಊರಿನವರ ಊಟ ಮಾಡಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಮತ್ತೆಲ್ಲಿ ತಿನ್ನಬೇಕು ಎಂದು ಮಾತ್ರ ಹೇಳಿರಲಿಲ್ಲ. ಹಿಂದಿನ ದಿನ ನಾವು ಹೋಗಿ ಇಳಿಯುವ ಹೊತ್ತಿಗೇ ಊರಿನ ದೊಡ್ಡ ಮನೆಯಿಂದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಂದವು. ನಾನು ಯಾರ ಪೈಕಿ ಎಂದು ವಿಚಾರಿಸಿದರು. ಹೇಳಿದೆ. “ಹಂಗಾರ ನೀವು ನಮ್ಮವರ ಅದೀರಿ ಬಿಡ್ರಿ,” ಎಂದು ಮನೆಯ ಹಿರಿಯಾಕೆ ನನಗೆ ಬೇರೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದರು. ನಾನು ಅದನ್ನೂ ತಿಂದೆ.

ಮತದಾನದ ದಿನ ಬೆಳಿಗ್ಗೆ ಎಲ್ಲ ನೇರವಾಗಿಯೇ ನಡೆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ಕರಗಿತು. ಆಗ ಕೋಣೆಯಲ್ಲಿ ಕೂತಿದ್ದ ಎರಡು ಪಕ್ಷಗಳ ಏಜೆಂಟರು ಮತದಾರರ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಇನ್ನೂ ಬಾರದ ಹೆಸರುಗಳಿಗೆ ಪೆನ್ಸಿಲಿನಿಂದ ಗುರುತು ಹಾಕತೊಡಗಿದರು. ಬೆಳಿಗ್ಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. “ಸಗಂ ಸಗಂ ಮಾಡ್ಕೊಳ್ಳಾಣ,” ಎಂದ ಒಬ್ಬ. ನಮ್ಮ ಕಡೆ ಪಾಲಿನ ಮಾತಿಗೆ ತೆಲುಗು ಬಂದೇ ಬರುತ್ತದೆ. ಅರ್ಧ ನಿಮಗೆ, ಅರ್ಧ ನಮಗೆ.

ಆ ಊರಿನ ರೂಢಿಯೇ ಅದಂತೆ. ಕೂಲಿಗೆಂದು ದೂರ ಹೋದವರ ಮತಗಳು ದಂಡವಾಗಬಾರದು, ಊರಿನ ಮತದಾನ ಕಡಿಮೆಯಾದರೆ ಊರಿನ ಮರ್ಯಾದೆ ಹೋಗುತ್ತದೆ. ಅದಕ್ಕೆ ಹಾಜರಿದ್ದವರೇ ಅವರ ಪರವಾಗಿ ಒತ್ತಿಬಿಡುತ್ತಾರೆ. ಎರಡೂ ಪಕ್ಷಕ್ಕೆ ಸಮಪಾಲು, ಆದ್ದರಿಂದ ಜಗಳವಿಲ್ಲ. ಇದನ್ನು ನಮ್ಮ ಪ್ರಿಸೈಡಿಂಗ್ ಆಫೀಸರ್, ಅಂದರೆ ಆ ಮತಗಟ್ಟೆಯ ಮುಖ್ಯಸ್ಥರು, ನನಗೆ ಪಾಠ ಹೇಳುವ ಹಾಗೆ ವಿವರಿಸಿದರು. ಗುರುತು ಹಾಕಿದ ಹೆಸರುಗಳೆಲ್ಲ ಕೇರಿಯವು ಎಂಬುದನ್ನು ಅವರು ಹೇಳಲಿಲ್ಲ, ನಾನೇ ನೋಡಿದೆ.

ಏಳೆಂಟು ಜನ ತಿರುತಿರುಗಿ ಬಂದರು. ಬೆಳಿಗ್ಗೆ ನನ್ನ ಕೈಯಿಂದಲೇ ಮಸಿ ಹಚ್ಚಿಸಿಕೊಂಡವರು, ಈಗ ಬಲಗೈ ಚಾಚಿದರು. “ಅಕ್ಕಾರ, ಕಡ್ಡಿ ಅದ್ದಬ್ಯಾಡ್ರಿ. ಒಣಾದ ಮುಟ್ಟಿಸ್ರಿ ಸಾಕು,” ಎಂದ ಏಜೆಂಟ. ನಾನು ಆಫೀಸರ ಮುಖ ನೋಡಿದೆ. ಅವರು ಕಿಟಕಿ ನೋಡಿದರು. ನಾನು ಒಣ ಕಡ್ಡಿ ಮುಟ್ಟಿಸಿದೆ. ಒಂದಲ್ಲ ಎರಡಲ್ಲ, ಅವರು ಬಂದಷ್ಟು ಸಲ ಮುಟ್ಟಿಸಿದೆ. ಯಾರೂ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟಿರಲಿಲ್ಲ. ಬೆಳಗಾದರೆ ಮಕ್ಕಳಿಗೆ ನಾಗರಿಕನ ಕರ್ತವ್ಯಗಳು ಎಂದು ಪ್ರಬಂಧ ಬರೆಸುವ ಕೈ ಅದು.

ಮತದಾನ ಮುಗಿಯಲು ಇನ್ನೂ ಒಂದು ತಾಸಿತ್ತು. ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಒಳಗೆ ಬಂದಳು. ಸೀರೆಯ ನೆರಿಗೆಗೆ ಭತ್ತದ ಹೊಟ್ಟು ಅಂಟಿತ್ತು. ಹಚ್ಚೊಳ್ಳಿ ಕಡೆ ಭತ್ತ ಕೊಯ್ಯುವ ಗುಂಪಿನೊಂದಿಗೆ ಹೋದವಳು, ಗುಂಪನ್ನು ಅಲ್ಲೇ ಬಿಟ್ಟು ಒಬ್ಬಳೇ ಒಂದು ಟ್ರ್ಯಾಕ್ಟರ್ ಹತ್ತಿ, ಇಳಿದು, ಇನ್ನೊಂದು ಹತ್ತಿ, ಕೊನೆಗೆ ನಡೆದು ಬಂದಿದ್ದಳು. ಪಟ್ಟಿ ನೋಡುವವರು ಹೆಸರು ಹುಡುಕಿ ಆಫೀಸರತ್ತ ತಿರುಗಿದರು. ಆಫೀಸರು ತಲೆ ಎತ್ತದೆ, “ನಿಂದು ವೋಟು ಆಗೇತಿ, ಹೋಗಮ್ಮ,” ಎಂದರು.

“ಹೆಂಗ ಆಗತೈತ್ರೀ? ನಾ ಈಗ ಬಂದೀನಿ.” ಆಕೆ ಎಡಗೈಯನ್ನು ನನ್ನ ಮೇಜಿನ ಮೇಲೆ ಇಟ್ಟಳು. “ನೋಡ್ರಿ ಅಕ್ಕಾರ, ನನ್ನ ಬಟ್ಟು ನೋಡ್ರಿ. ವೋಟು ಹಾಕಿದ್ರ ಮಸಿ ಇರಬೇಕಿಲ್ಲೋ?”

ಕುಡುಗೋಲು ಹಿಡಿದು ಗಂಟುಗಟ್ಟಿದ ಬೆರಳು. ಮಸಿಯ ಚುಕ್ಕೆಯೂ ಇರಲಿಲ್ಲ. ಇಂಥ ಹೊತ್ತಿಗೆ ಏನು ಮಾಡಬೇಕು ಎಂದು ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದರು. ಒಬ್ಬರ ಹೆಸರಲ್ಲಿ ಇನ್ಯಾರೋ ಮತ ಹಾಕಿ ಹೋಗಿದ್ದರೆ, ನಿಜವಾದ ಮತದಾರ ಬಂದಾಗ ಕಾಗದದ ಮತಪತ್ರ ಕೊಡಬೇಕು. ಅದಕ್ಕೆ ಟೆಂಡರ್ ಮತ ಎನ್ನುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಟ್ಟು ಮುದ್ರೆ ಹಾಕುತ್ತಾರೆ. ಎಣಿಕೆಗೆ ಬರುವುದಿಲ್ಲ, ಆದರೆ ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಅದು ಸಾಕ್ಷಿ. ಇಲ್ಲಿ ಮೋಸ ನಡೆದಿದೆ ಎಂದು ಸರ್ಕಾರದ ಕಾಗದವೇ ಹೇಳುತ್ತದೆ. ಆ ಮತಪತ್ರಗಳ ಕಟ್ಟು ಆಫೀಸರ ಚೀಲದಲ್ಲಿತ್ತು. ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

“ವೋಟಿನ ದಿನ ಮಾತ್ರ ಗೌಡ್ರು ನಿಂತ ಸಾಲಿನಾಗ ನಾನೂ ನಿಂದರತೀನ್ರಿ. ಅದಕ ಓಡಿ ಬಂದೀನಿ,” ಎಂದಳು. ಏಜೆಂಟರು ನಕ್ಕರು. ಆಕೆ ನನ್ನತ್ತ ಬಾಗಿದಳು. ಆಮೇಲೆ ದನಿ ತಗ್ಗಿಸಿ ನನ್ನೊಬ್ಬಳಿಗೇ ಹೇಳಿದಳು: “ಒಂದು ವೋಟಿಗೆ ಹಿಂಗ ಓಡ್ತಾಳ ಅಂತ ಗುಂಪಿನವರೆಲ್ಲ ನಕ್ಕಾರ್ರಿ. ಬರಿ ಬಟ್ಟು ತೊಗೊಂಡು ಹೆಂಗ ಹೋಗ್ಲಿ? ಮಸಿನರ ಹಚ್ರಿ ಅಕ್ಕಾರ.”

ಹಚ್ಚಿದೆ. ಕಡ್ಡಿಯನ್ನು ಚೆನ್ನಾಗಿ ಅದ್ದಿ, ಉಗುರಿನಿಂದ ಕೆಳಗೆ ಉದ್ದಕ್ಕೆ ಗೆರೆ ಎಳೆದೆ. ಪಾಪ ಅನ್ನಿಸಿತ್ತು, ಕರುಣೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆಕೆ ಕಣ್ಣೊರೆಸಿಕೊಂಡು ಕೈ ಮುಗಿದು ಹೋದಳು. ಆಫೀಸರು ಕುರ್ಚಿಗೆ ಒರಗಿ, “ಚಲೋ ಮಾಡಿದ್ರಿ ಮೇಡಂ, ಈಗ ಎಲ್ಲಾ ಸರಿಹೋತು,” ಎಂದರು. ಅವರು ಯಾಕೆ ಹಾಗೆಂದರು ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಮೋಸಕ್ಕಿದ್ದ ಸಾಕ್ಷಿ ಆ ಬರಿಯ ಬೆರಳೊಂದೇ. ಅದನ್ನು ನಾನೇ ಕೈಯಾರೆ ಅಳಿಸಿದ್ದೆ. ಮತ ಹಾಕಿದವರಿಗೆ ಮಸಿ ಇಲ್ಲ, ಮಸಿ ಹಚ್ಚಿಸಿಕೊಂಡವಳಿಗೆ ಮತ ಇಲ್ಲ, ಎರಡೂ ನನ್ನ ಮೇಜಿನ ಮೇಲೆಯೇ ಆದದ್ದು.

ಮುಂದಿನ ಚುನಾವಣೆಯಲ್ಲಾದರೂ ಆಕೆ ಹಾಕುತ್ತಾಳೆ ಬಿಡು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ಮುಂದಿನದು ಬರುವಷ್ಟರಲ್ಲಿ ಕುರುಗೋಡು ಕ್ಷೇತ್ರವೇ ಇರಲಿಲ್ಲ.

ಇದೆಲ್ಲವನ್ನೂ ನಾಲ್ಕನೆಯ ಪುಟದಲ್ಲಿ ಬರೆದು ಕಳಿಸಿದೆ. ಮಸಿ ಹಚ್ಚಿದ್ದು ಯಾರು ಎಂಬುದನ್ನು ಮಾತ್ರ ‘ಅಲ್ಲಿದ್ದ ಸಿಬ್ಬಂದಿಯೊಬ್ಬರು’ ಎಂದು ಬರೆದಿದ್ದೆ. ಮಾರನೆಯ ದಿನವೇ ಸಂಪಾದಕರ ಫೋನು.

“ಮೇಡಂ, ಇದು ಸ್ಮರಣ ಸಂಚಿಕೆ, ಪೊಲೀಸ್ ಕಂಪ್ಲೇಂಟ್ ಅಲ್ರಿ. ಕೊನೆಯ ಚುನಾವಣೆ ಶಾಂತಿಯುತವಾಗಿ ನಡೆಯಿತು ಅಂತ ಒಂದು ಸಾಲು ಹಾಕ್ತೀನಿ.”

“ಶಾಂತಿ ಇತ್ತು ನಿಜ. ಕಳ್ಳರಿಬ್ಬರೂ ಒಂದಾಗಿದ್ರು, ಗಲಾಟೆ ಮಾಡೋರು ಯಾರು?” ಎಂದೆ.

“ಸಾಕ್ಷಿ ಏನೈತ್ರಿ? ಆ ಹೆಣ್ಮಗಳು ಹೇಳ್ತಾಳೇನು? ಹೇಳಿದ್ರ ನೋಡೋಣು.”

ಸಾಕ್ಷಿ ಕೇಳಲು ಹೊರಟವರ ಧೈರ್ಯ ನೋಡಿ! ಸಿಟ್ಟಿನಲ್ಲೇ ಮರುದಿನ ಬೆಳಿಗ್ಗೆ ಆ ಹಳ್ಳಿಯ ಬಸ್ ಹತ್ತಿದೆ. ಆಕೆ ಇದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಇದ್ದಳು. ಕೇರಿಯ ಮೊದಲ ಸಾಲಿನಲ್ಲೇ ಮನೆ. ಕೂದಲು ಪೂರ್ತಿ ನೆರೆತಿತ್ತು, ಬೆನ್ನು ಬಾಗಿತ್ತು. ನಾನು ಯಾರೆಂದು ಹೇಳುವ ಮೊದಲೇ ಆಕೆ ಗುರುತು ಹಿಡಿದಳು. ಸೊಸೆಯನ್ನು ಕೂಗಿದಳು.

“ಬಾ ಇಲ್ಲಿ, ಯಾರು ಬಂದಾರ ನೋಡು. ನಾ ಹೇಳ್ತಿದ್ನೆಲ್ಲ, ಅವತ್ತ ಎಲ್ಲಾರೂ ನಕ್ಕಾಗ ಒಬ್ರ ಅಕ್ಕಾರು ಮರ್ಯಾದಿ ಉಳಿಸಿದ್ರು ಅಂತ, ಅವರ ಇವರು. ಚಾ ಇಡು.”

ಕುರ್ಚಿ ಒರೆಸಿ ಕೂರಿಸಿದರು. ಸಂಪಾದಕರ ಮೇಲಿನ ಸಿಟ್ಟು, ಆಫೀಸರ ಮೇಲಿನ ಸಿಟ್ಟು, ನಕ್ಷೆಯ ಮೇಲಿನ ಸಿಟ್ಟು, ದಾರಿಯುದ್ದಕ್ಕೂ ಹೊತ್ತು ತಂದದ್ದೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಒಣ ಕಡ್ಡಿಯ ವಿಷಯ ಹೇಳಿದೆ. ಚೀಲದಲ್ಲಿದ್ದ ಕಾಗದದ ವಿಷಯ ಹೇಳಿದೆ. ಚಹಾ ಬಂದಿತ್ತು, ಯಾರೂ ಮುಟ್ಟಲಿಲ್ಲ.

“ಆ ಕಾಗದದ ಸುದ್ದಿ ಅವತ್ತ ನಿಮಗ ಗೊತ್ತಿತ್ತೇನ್ರಿ?” ಎಂದು ಕೇಳಿದಳು.

“ಗೊತ್ತಿತ್ತು.”

“ಗೊತ್ತಿದ್ದೂ ಮಸಿ ಹಚ್ಚಿದ್ರಿ.”

“ಹೌದು.”

“ನನ್ನ ವೋಟು ಯಾರಿಗೆ ಬಿತ್ತು? ಗೆದ್ದವಂಗೋ, ಸೋತವಂಗೋ?”

ಗೊತ್ತಿಲ್ಲ ಎಂದೆ. ಮೂರು ಪುಟದಲ್ಲಿ ಗೆದ್ದವರನ್ನೂ ಸೋತವರನ್ನೂ ಬರೆದವಳಿಗೆ ಅದೊಂದು ಗೊತ್ತಿರಲಿಲ್ಲ.

ಆಕೆ ಎಡಗೈಯ ತೋರುಬೆರಳನ್ನು ಎತ್ತಿ ಹಿಡಿದಳು. “ವೋಟು ಹಾಕಿ ಬಂದೀನಿ ಅಂತ ಗುಂಪಿನವರಿಗೆಲ್ಲ ಬಟ್ಟು ತೋರಿಸೀನ್ರಿ ಅಕ್ಕಾರ. ಮಸಿ ಮಾಸಿದ ಮ್ಯಾಲೂ ನಿಮ್ಮನ್ನ ಹೊಗಳೀನಿ. ಈಗ ಅವರ ಮುಂದ ಏನು ಹೇಳ್ಲಿ?”

“ನಿಜ ಹೇಳು,” ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಹೇಸಿಗೆಯೆನಿಸಿತು.

“ನಾ ಯಾಕ ಹೇಳ್ಲಿ? ನೀವ ಹೇಳ್ರಿ.” ಗೋಡೆ ಹಿಡಿದು ಎದ್ದಳು. “ಅವತ್ತ ಕೊಯ್ಯಾಕ ಹೋದವರಾಗ ಉಳಿದವರೆಲ್ಲ ಅಲ್ಲೇ ಬೇವಿನ ಗಿಡದ ಕಟ್ಟಿ ಮ್ಯಾಲೆ ಕುಂತಾರ. ಅವರ ವೋಟೂ ಹೋಗ್ಯಾವಲ್ಲ. ಬರ್ರಿ.”

ಕಟ್ಟೆಯ ಮೇಲೆ ಐದಾರು ಹೆಂಗಸರು ಕೂತಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಆಕೆ ಆಗಲೇ ಹೊಸ್ತಿಲು ದಾಟಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಆಕೆಯ ಹಿಂದೆ ಹೋದೆ.